ಕಳೆದ ಓಲೆ, ಹುಡುಕುವ ಯಂತ್ರ

ಕನ್ನಡದಲ್ಲಿ ‘ಕಳೆ’ ಎಂಬ ಒಂದು ಧಾತುವಿದೆ. ಕಾಲವನ್ನು ಕಳೆಯುತ್ತೇವೆ, ಲೆಕ್ಕದಲ್ಲಿ ಹತ್ತರಿಂದ ಮೂರನ್ನು ಕಳೆಯುತ್ತೇವೆ, ಮೈಮೇಲಿದ್ದ ಒಡವೆಯನ್ನು ಕಳೆದುಕೊಳ್ಳುತ್ತೇವೆ. ಮೊದಲ ಎರಡಕ್ಕೆ ನಾವು ಯಾರನ್ನೂ ದೂರುವುದಿಲ್ಲ. ಮೂರನೆಯದು ಹಾಗಲ್ಲ. ಒಡವೆ ಕಾಣೆಯಾದ ಗಳಿಗೆಯಲ್ಲಿಯೇ ‘ಯಾರು ತೆಗೆದರು?’ ಎಂಬ ಪ್ರಶ್ನೆ ಹುಟ್ಟುತ್ತದೆ. ‘ಎಲ್ಲಿ ಬಿತ್ತು?’ ಎಂಬ ಪ್ರಶ್ನೆ ಅದರ ಹಿಂದೆ ಬಹಳ ತಡವಾಗಿ ಬರುತ್ತದೆ. ಈ ಎರಡು ಪ್ರಶ್ನೆಗಳ ಸರದಿಯನ್ನು ಬದಲಿಸಬಲ್ಲ ಒಂದು ಯಂತ್ರದ ವಿಚಾರವನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಪುಸ್ತಕದ ಭಾಷೆಯಲ್ಲಿ ಅದು ಲೋಹಶೋಧಕ. ಆಡುಮಾತಿನಲ್ಲಿ ಮೆಟಲ್ ಡಿಟೆಕ್ಟರ್.

ಯಂತ್ರದ ಮಾತಿಗೆ ಮೊದಲು ಒಂದು ಮನೆಯ ಮಾತು. ನಾನು ಹಳಿಯಾಳ ಸೀಮೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದ ಕಾಲ. ನನ್ನ ಅಕ್ಕನ ಕಿವಿಯ ಒಂದು ಓಲೆ ಶಾಲೆಯ ಬಯಲಿನಲ್ಲಿ ಬಿದ್ದುಹೋಯಿತು. ಗುಂಜಿಯಷ್ಟು ಚಿನ್ನ, ನಡುವೆ ಒಂದು ಕೆಂಪು ಹರಳು. ಅಂದಿನ ನಮ್ಮ ಮನೆಗೆ ಅದು ಸಣ್ಣ ವಸ್ತುವಲ್ಲ. ಸಂಜೆಯವರೆಗೆ ಎಲ್ಲರೂ ಹುಡುಕಿದರು. ಸಿಗಲಿಲ್ಲ. ಆಗ ಯಾರೋ ಹಿರಿಯರು, ‘ಬಯಲು ಗುಡಿಸುವವಳು ಬೆಳಿಗ್ಗೆ ಬಂದಿದ್ದಳಲ್ಲ’ ಎಂದರು. ಅಷ್ಟೇ ಸಾಕಾಯಿತು. ಆಕೆಯ ಸೆರಗಿನ ಗಂಟನ್ನು ಬಿಚ್ಚಿಸಿದರು, ಗುಡಿಸಲನ್ನು ತಡಕಿದರು. ಏನೂ ದೊರೆಯದಿದ್ದುದೇ ಆಕೆಯ ಜಾಣತನಕ್ಕೆ ಸಾಕ್ಷಿ ಎಂದು ಆಡಿಕೊಂಡರು. ತಿಂಗಳೊಳಗೆ ಆಕೆ ಊರು ಬಿಟ್ಟಳು. ಎರಡು ಮಳೆಗಾಲ ಕಳೆದ ಮೇಲೆ ವನಮಹೋತ್ಸವದ ಸಸಿ ನೆಡಲು ಬಯಲಿನ ಅಂಚಿನಲ್ಲಿ ಗುಂಡಿ ತೋಡಿದಾಗ, ನಾಲ್ಕು ಬೆರಳ ಆಳದಲ್ಲಿ, ಆ ಓಲೆ ಸಿಕ್ಕಿತು. ಆಕೆ ಎಲ್ಲಿಗೆ ಹೋದಳೆಂಬುದು ಯಾರಿಗೂ ತಿಳಿದಿರಲಿಲ್ಲ. ಓಲೆ ನಮ್ಮ ಮನೆಗೆ ಮರಳಿತು. ಆಕೆಯಿಂದ ನಾವು ಕಸಿದುಕೊಂಡದ್ದನ್ನು ಮರಳಿಸಲು ನಮಗೆ ವಿಳಾಸವಿರಲಿಲ್ಲ.

ಈ ಸಂಗತಿಯನ್ನು ನಾನು ಬಹುಮಟ್ಟಿಗೆ ಮರೆತಿದ್ದೆ. ಈಚೆಗೆ ರಾಮನಗರಕ್ಕೆ ಹೋದಾಗ ಅದು ಮರಳಿ ನೆನಪಾಯಿತು. ಇದು ಬೆಂಗಳೂರಿನ ಪಕ್ಕದ, ರೇಷ್ಮೆಗೂಡಿನ ರಾಮನಗರವಲ್ಲ. ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕಿನಲ್ಲಿ, ಬೆಳಗಾವಿಯಿಂದ ಗೋವೆಗೆ ಇಳಿಯುವ ಹೆದ್ದಾರಿಯ ಮೇಲೆ ಇರುವ ಊರು. ಕಾಳೀ ನದಿಗೆ ಸೂಪಾದ ಬಳಿ 101 ಮೀಟರು ಎತ್ತರದ ಅಣೆಕಟ್ಟು ಕಟ್ಟಿದಾಗ, ತಾಲ್ಲೂಕಿನ ಹಳೆಯ ಕೇಂದ್ರವಾಗಿದ್ದ ಸೂಪಾ ನೀರಿನಲ್ಲಿ ಮುಳುಗಿತು. ನೆಲೆ ಕಳೆದುಕೊಂಡ ಕುಟುಂಬಗಳಿಗೆ ನೆಲೆ ಕೊಟ್ಟ ಊರುಗಳಲ್ಲಿ ರಾಮನಗರ ಮುಖ್ಯವಾದುದು. ಕನ್ನಡ, ಕೊಂಕಣಿ, ಮರಾಠಿ ಮೂರೂ ಅಲ್ಲಿನ ಪೇಟೆಯಲ್ಲಿ ಒಟ್ಟಿಗೆ ಕೇಳಿಸುತ್ತವೆ. ಅಲ್ಲಿ ಶಿಕ್ಷಕಿಯಾಗಿರುವ ನಮ್ಮ ಬಂಧುವೊಬ್ಬಳ ಮನೆಯಲ್ಲಿ ನಾಲ್ಕು ದಿನ ಇದ್ದೆ. ಎರಡನೆಯ ದಿನ ಸಂಜೆ ಆಕೆ ಖಿನ್ನಳಾಗಿ ಬಂದಳು. ಖೋ-ಖೋ ಅಭ್ಯಾಸದ ವೇಳೆ ಆರನೆಯ ತರಗತಿಯ ಹುಡುಗಿಯೊಬ್ಬಳ ಓಲೆ ಬಿದ್ದುಹೋಗಿತ್ತು. ಹುಡುಗಿ ಮನೆಗೆ ಹೋಗಲು ಹೆದರಿ ತರಗತಿಯ ಬಾಗಿಲಲ್ಲಿ ಕುಳಿತಿದ್ದಳಂತೆ. ಕೂಡಿದವರಲ್ಲಿ ಒಬ್ಬರು, ನಾನು ಐವತ್ತು ವರ್ಷಗಳ ಹಿಂದೆ ಕೇಳಿದ ಮಾತನ್ನೇ ಆಡಿದ್ದರು. ಬಯಲನ್ನು ಗುಡಿಸುವವರು ಯಾರು ಎಂದು ವಿಚಾರಿಸಿದ್ದರು.

ಅದೃಷ್ಟವಶಾತ್ ಅದೇ ಊರಿನ ತರುಣನೊಬ್ಬನಲ್ಲಿ ಲೋಹಶೋಧಕವಿತ್ತು. ಮರುದಿನ ಭಾನುವಾರ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಶಾಲಾಭಿವೃದ್ಧಿ ಸಮಿತಿಯ ಇಬ್ಬರನ್ನು ಜೊತೆಗೆ ಕರೆದುಕೊಂಡು ಬೆಳಿಗ್ಗೆ ಹುಡುಕಾಟ ಆರಂಭವಾಯಿತು. ನಾನೂ ಒಂದು ಕುರ್ಚಿಯ ಮೇಲೆ ಕುಳಿತು ನೋಡಿದೆ. ಕುತೂಹಲದಿಂದ ಕೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಈ ಯಂತ್ರ ನೋಡಲು ಸರಳ. ಉದ್ದನೆಯ ಒಂದು ಕೋಲು, ಅದರ ತುದಿಯಲ್ಲಿ ತಟ್ಟೆಯಂಥ ಒಂದು ಬಿಲ್ಲೆ, ಹಿಡಿಯ ಬಳಿ ಚಿಕ್ಕ ಪೆಟ್ಟಿಗೆ. ಬಿಲ್ಲೆಯ ಒಳಗೆ ತಾಮ್ರದ ತಂತಿಯ ಸುರುಳಿಗಳಿವೆ. ಒಂದು ಸುರುಳಿಯಲ್ಲಿ ಸೆಕೆಂಡಿಗೆ ಹಲವು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದರಿಂದ ಬಿಲ್ಲೆಯ ಕೆಳಗಿನ ನೆಲದಲ್ಲಿ ಅಷ್ಟೇ ವೇಗವಾಗಿ ಬದಲಾಗುವ ಕಾಂತಕ್ಷೇತ್ರವೊಂದು ಹರಡುತ್ತದೆ. ಬದಲಾಗುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟನು. ನೆಲದಲ್ಲಿ ಓಲೆಯೋ ನಾಣ್ಯವೋ ಇದ್ದರೆ ಅದರ ಮೈಯಲ್ಲಿ, ಹೊಳೆಯ ಮಡುವಿನಲ್ಲಿ ನೀರು ಸುತ್ತುವಂತೆ, ಸಣ್ಣ ಸುಳಿಪ್ರವಾಹಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಆದ ಕ್ಷೀಣ ಕಾಂತಕ್ಷೇತ್ರವನ್ನು ಹೊರಡಿಸುತ್ತವೆ. ಬಿಲ್ಲೆಯ ಎರಡನೆಯ ಸುರುಳಿ ಈ ಕ್ಷೀಣ ಮರುದನಿಯನ್ನು ಹಿಡಿದು ಕಿವಿಗೆ ಶಬ್ದವಾಗಿ ತಲಪಿಸುತ್ತದೆ. ಯಂತ್ರ ಚಿನ್ನವನ್ನು ಕಾಣುವುದಿಲ್ಲ. ತಾನು ಕೂಗಿದ ಕೂಗಿಗೆ ನೆಲದೊಳಗಿನಿಂದ ಯಾವುದೋ ಲೋಹ ಓಗೊಟ್ಟಿತು ಎಂಬಷ್ಟನ್ನೇ ಅದು ಹೇಳುತ್ತದೆ.

ಇದರ ಚರಿತ್ರೆಯಲ್ಲಿ ಒಂದು ದುರಂತದ ಅಧ್ಯಾಯವಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್‌ನ ಮೇಲೆ ಗುಂಡು ಹಾರಿತು. ಒಂದು ಗುಂಡು ಬೆನ್ನಿನಲ್ಲಿ ಹೊಕ್ಕು ಎಲ್ಲಿ ನಿಂತಿದೆಯೆಂದು ತಿಳಿಯಲಿಲ್ಲ. ಕ್ಷ-ಕಿರಣ ಆಗಿನ್ನೂ ಪತ್ತೆಯಾಗಿರಲಿಲ್ಲ. ದೂರವಾಣಿಯನ್ನು ರೂಪಿಸಿದ ಅಲೆಗ್ಸಾಂಡರ್ ಗ್ರಹಾಂ ಬೆಲ್, ಲೋಹವನ್ನು ಶಬ್ದದಿಂದ ಪತ್ತೆಹಚ್ಚುವ ಉಪಕರಣವೊಂದನ್ನು ತರಾತುರಿಯಲ್ಲಿ ಸಿದ್ಧಪಡಿಸಿ ಶ್ವೇತಭವನಕ್ಕೆ ಒಯ್ದನು. ಪ್ರಯೋಗ ವಿಫಲವಾಯಿತು. ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳು ದನಿಯನ್ನು ಕೆಡಿಸಿದವೆಂದು ಹೇಳುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಗುಂಡು ದೇಹದ ಬಲಭಾಗದಲ್ಲಿಯೇ ಇದೆಯೆಂದು ಮುಖ್ಯ ವೈದ್ಯನು ನಿಶ್ಚಯಿಸಿಬಿಟ್ಟಿದ್ದನು. ಬೆಲ್ಲನಿಗೆ ಹುಡುಕಲು ದೊರೆತದ್ದೂ ಆ ಭಾಗವೇ. ಸೆಪ್ಟೆಂಬರ್ 19ರಂದು ಅಧ್ಯಕ್ಷ ತೀರಿಕೊಂಡ ಮೇಲೆ ನೋಡಿದರೆ ಗುಂಡು ಎಡಭಾಗದಲ್ಲಿತ್ತು. ಮೊದಲೇ ನಿರ್ಧರಿಸಿಕೊಂಡು ಹುಡುಕಹೊರಟವನಿಗೆ ಯಂತ್ರವೂ ನೆರವಾಗದು. ನಮ್ಮ ಹಳ್ಳಿಯವರು ಮಣ್ಣನ್ನು ಹುಡುಕುವುದನ್ನು ಬಿಟ್ಟು ಒಬ್ಬಳ ಸೆರಗನ್ನು ಹುಡುಕಿದ್ದೂ ಇದೇ ಬಗೆಯ ತಪ್ಪು.

ರಾಮನಗರದ ಬಯಲಿಗೆ ಮರಳೋಣ. ತರುಣನು ಯಂತ್ರವನ್ನು ಚಾಲೂ ಮಾಡಿದೊಡನೆ ಅದು ನಿಂತಲ್ಲೆಲ್ಲ ಗುಂಯ್‌ಗುಟ್ಟತೊಡಗಿತು. ನನಗೆ ನಗು ಬಂತು. ಆತ ನಗಲಿಲ್ಲ. ಆ ನೆಲದ ಗುಣವೇ ಹಾಗೆ. ಘಟ್ಟದ ಸೆರಗಿನ ಆ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಬಣ್ಣ ಬಂದುದೇ ಕಬ್ಬಿಣದಿಂದ. ದಾಂಡೇಲಿ, ಜೊಯಿಡಾಗಳ ಸುತ್ತಿನಲ್ಲಿ ಮ್ಯಾಂಗನೀಸ್ ಅದಿರನ್ನು ಅಗೆದು ತೆಗೆದ ಗಣಿಗಳೂ ಇದ್ದವು. ಹೀಗಾಗಿ ಅಲ್ಲಿ ನೆಲವೇ ಯಂತ್ರಕ್ಕೆ ಓಗೊಡುತ್ತದೆ. ಮೊದಲು ಏನೂ ಹೂತಿಲ್ಲದ ಜಾಗದಲ್ಲಿ ಬಿಲ್ಲೆಯನ್ನು ಮೇಲೆ ಕೆಳಗೆ ಆಡಿಸಿ, ನೆಲದ ಸಹಜ ದನಿ ಇಷ್ಟು ಎಂದು ಯಂತ್ರಕ್ಕೆ ಕಲಿಸಬೇಕು. ಆಮೇಲೆ ಆ ದನಿಯನ್ನು ಅದು ಲೆಕ್ಕಕ್ಕೆ ಹಿಡಿಯದೆ, ಅದಕ್ಕೆ ಹೊರತಾದದ್ದನ್ನು ಮಾತ್ರ ಹೇಳುತ್ತದೆ. ಸಂಗೀತಗಾರರು ಶ್ರುತಿ ಹಿಡಿಯುವಂಥ ಕೆಲಸ ಇದು. ಶ್ರುತಿ ಹಿಡಿಯುವ ತಾಳ್ಮೆಯಿಲ್ಲದವನು ಜಂಬಿಟ್ಟಿಗೆಯ ನೆಲದಲ್ಲಿ ದಿನವಿಡೀ ಅಗೆದರೂ ಕಲ್ಲನ್ನೇ ಪಡೆಯುತ್ತಾನೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಬೇರೆಬೇರೆ ಲೋಹಗಳು ಬೇರೆಬೇರೆ ಬಗೆಯಲ್ಲಿ ಓಗೊಡುತ್ತವೆ. ದಪ್ಪ ಬೆಳ್ಳಿ, ತಾಮ್ರಗಳಲ್ಲಿ ಎದ್ದ ಸುಳಿ ಬೇಗ ಅಡಗುವುದಿಲ್ಲ. ತೆಳುವಾದ, ಸಣ್ಣ ವಸ್ತುವಿನಲ್ಲಿ ಬೇಗ ಅಡಗುತ್ತದೆ. ಈ ಅಂತರವನ್ನು ಅಳೆದು ಯಂತ್ರ ಒಂದು ಅಂಕಿಯನ್ನು ತೋರಿಸುತ್ತದೆ. ಕಬ್ಬಿಣದ ಮೊಳೆ, ಅಲ್ಯೂಮಿನಿಯಂ ಹಾಳೆ ಮುಂತಾದ ಕಸಕ್ಕೆ ಕಿವುಡಾಗಿರುವಂತೆ ಅದನ್ನು ತಿರುಗಿಸಿಡಲೂ ಬಹುದು. ಶಾಲೆಯ ಬಯಲಿನಲ್ಲಿ ಚಾಕಲೇಟಿನ ಬೆಳ್ಳಿಹಾಳೆ, ಮಾತ್ರೆಯ ಪೊಟ್ಟಣ, ಬಾಟಲಿಯ ಮುಚ್ಚಳ ರಾಶಿರಾಶಿ. ಅವಕ್ಕೆಲ್ಲ ಕಿವುಡಾದರೆ ಕೆಲಸ ಹಗುರವಲ್ಲವೇ? ಹಗುರವೇನೋ ಹೌದು. ಆದರೆ ಚಿಕ್ಕ ಹುಡುಗಿಯ ತೆಳು ಚಿನ್ನದ ಓಲೆಯೂ ಮುದುಡಿದ ಬೆಳ್ಳಿಹಾಳೆಯೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಮಾತನಾಡುತ್ತವೆ. ಕಸಕ್ಕೆ ಕಿವಿ ಮುಚ್ಚಿದವನು ಚಿನ್ನಕ್ಕೂ ಕಿವಿ ಮುಚ್ಚುತ್ತಾನೆ. ಓಲೆ ಬೇಕಾದರೆ ನೂರು ಬೆಳ್ಳಿಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡುವುದಲ್ಲದೆ ಬೇರೆ ದಾರಿಯಿಲ್ಲ.

ನಾಣ್ಯದ ವಿಷಯದಲ್ಲಿಯೂ ಹೀಗೆಯೇ. ಇಂದು ಚಲಾವಣೆಯಲ್ಲಿರುವ ಒಂದು, ಎರಡು ರೂಪಾಯಿಯ ನಾಣ್ಯಗಳು ತುಕ್ಕುಹಿಡಿಯದ ಉಕ್ಕಿನವು, ಅಯಸ್ಕಾಂತಕ್ಕೆ ಅಂಟುತ್ತವೆ. ಕಬ್ಬಿಣಕ್ಕೆ ಕಿವುಡಾದ ಯಂತ್ರ ಇವನ್ನೂ ಮೊಳೆಗಳ ಸಾಲಿಗೆ ಸೇರಿಸಿ ಸುಮ್ಮನಾಗುತ್ತದೆ. ಪರದೇಶದ ಪುಸ್ತಕಗಳನ್ನು ನೋಡಿ ಯಂತ್ರವನ್ನು ಹೊಂದಿಸಿದವರು ನಮ್ಮ ನೆಲದಲ್ಲಿ ಮೋಸಹೋಗುವುದು ಇಲ್ಲಿಯೇ.

ಆಳದ ಮಾತು. ಮಧ್ಯಮ ವರ್ಗದ ಯಂತ್ರವೊಂದು ಒಂದು ನಾಣ್ಯವನ್ನು ಸುಮಾರು ಒಂದು ಗೇಣಿನ ಆಳದವರೆಗೆ ಗುರುತಿಸಬಲ್ಲುದು; ಓಲೆಯಂಥ ಸಣ್ಣ ವಸ್ತುವಾದರೆ ಅದರ ಅರ್ಧ. ಹುಡುಗಿ ಮೊನ್ನೆ ಕಳೆದ ಓಲೆ ಮಣ್ಣಿನ ಮೇಲ್ಪದರದಲ್ಲಿಯೇ ಇರುತ್ತದೆ. ಹಳೆಯ ವಸ್ತುಗಳು ಹೇಗೆ ಕೆಳಗಿಳಿಯುತ್ತವೆ? ಇದಕ್ಕೆ ಉತ್ತರ ಕೊಟ್ಟವನು ಚಾರ್ಲ್ಸ್ ಡಾರ್ವಿನ್. ಬೆಲ್ಲನ ಪ್ರಯೋಗ ನಡೆದ 1881ರಲ್ಲಿಯೇ ಅವನು ಎರೆಹುಳುಗಳನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. 1842ರಲ್ಲಿ ತನ್ನ ಮನೆಯ ಬಳಿಯ ಹೊಲದಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, 29 ವರ್ಷ ಕಾದು, ಅಗೆಸಿ ನೋಡಿದಾಗ ಅವು 7 ಅಂಗುಲ ಕೆಳಗೆ ಹೋಗಿದ್ದವು. ಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ಉಗುಳುತ್ತ ಹೋದಂತೆ, ಮೇಲಿದ್ದ ವಸ್ತು ತಾನಾಗಿ ಮುಚ್ಚಿಕೊಳ್ಳುತ್ತದೆ. ಸಾವಿರಾರು ಕಾಲುಗಳು ತುಳಿದು ಗಟ್ಟಿಯಾದ ಆಟದ ಅಂಗಣದಲ್ಲಿ ಇದು ನಿಧಾನ. ಬೇಲಿಯಂಚಿನ ಮೆದು ಮಣ್ಣಿನಲ್ಲಿ, ಮಲೆನಾಡಿನ ಮಳೆ ಮೇಲಿನಿಂದ ಮಣ್ಣು ತಂದು ಹಾಸುವಲ್ಲಿ ಬೇಗ. ನನ್ನ ಅಕ್ಕನ ಓಲೆ ಎರಡೇ ಮಳೆಗಾಲದಲ್ಲಿ ನಾಲ್ಕು ಬೆರಳು ಇಳಿದದ್ದು ಏಕೆಂದು ನನಗೆ ಈಗ ಅರ್ಥವಾಯಿತು. ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಮಳೆ ಮುಚ್ಚಿತ್ತು.

ಹುಡುಕುವ ಕ್ರಮವನ್ನೂ ಹೇಳಬೇಕು. ತರುಣನು ಮೊದಲು ಹುಡುಗಿಯನ್ನು ಕರೆದು, ಗದರದೆ, ಎಲ್ಲೆಲ್ಲಿ ಓಡಿದೆ, ಎಲ್ಲಿ ಬಿದ್ದೆ, ಎಲ್ಲಿ ಕುಳಿತೆ ಎಂದು ಕೇಳಿದನು. ಕಿವಿಯ ಒಡವೆ ಕಳಚುವುದು ಸುಮ್ಮನೆ ನಿಂತಾಗ ಅಲ್ಲ. ಖೋ-ಖೋದ ಕಂಬವನ್ನು ತಿರುಗುವಾಗ, ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕಾಗ, ನಲ್ಲಿಯ ಬಳಿ ಮುಖ ಒರೆಸಿಕೊಳ್ಳುವಾಗ. ನಾಣ್ಯ ಬೀಳುವ ಜಾಗಗಳು ಬೇರೆ. ಜಾರುಬಂಡೆಯ ಬುಡ, ತಲೆಕೆಳಗಾಗಿ ತೂಗುವ ಸರಳಿನ ಕೆಳಗೆ, ನೆಲ್ಲಿಕಾಯಿ ಮಾರುವವರು ಕೂಡುವ ಗೇಟಿನ ಹೊರಗೆ. ಆಮೇಲೆ ಬಯಲಿನ ಆ ಭಾಗಕ್ಕೆ ಹುರಿ ಕಟ್ಟಿ, ಬೇಸಾಯಗಾರನು ಸಾಲು ಹೊಡೆಯುವಂತೆ, ಒಂದು ಸಾಲಿನ ಮೇಲೆ ಇನ್ನೊಂದು ಅರ್ಧ ಬರುವಂತೆ ಯಂತ್ರವನ್ನು ಬೀಸುತ್ತ ನಡೆದನು. ಒಮ್ಮೆ ಉದ್ದಕ್ಕೆ, ಇನ್ನೊಮ್ಮೆ ಅಡ್ಡಕ್ಕೆ. ದನಿ ಬಂದಲ್ಲಿ ಮಣ್ಣನ್ನು ಮೂರು ಕಡೆ ಕೊಯ್ದು ಪುಸ್ತಕದ ಹಾಳೆಯಂತೆ ಮಗುಚಿ, ಒಳಗಿನ ಮಣ್ಣನ್ನು ಬಟ್ಟೆಯ ಮೇಲೆ ಹರಡಿ ನೋಡಿ, ಮತ್ತೆ ತುಂಬಿ ಕಾಲಿನಿಂದ ಒತ್ತಿ ಮುಂದೆ ಹೋದನು. ತುಂಬದೆ ಬಿಟ್ಟ ಒಂದು ಕುಳಿ ಸೋಮವಾರ ಒಂದು ಮಗುವಿನ ಕಾಲು ಮುರಿಯಬಹುದು. ನಲ್ಲಿಯ ಕೊಳವೆ, ವಿದ್ಯುತ್ತಿನ ತಂತಿ ಹಾದುಹೋದ ಜಾಗಗಳನ್ನು ಮೊದಲೇ ಕೇಳಿ ಗುರುತು ಮಾಡಿಕೊಂಡಿದ್ದನು. ಮೊಳೆ, ಗಾಜು, ತಗಡುಗಳನ್ನು ಒಂದು ಚೀಲಕ್ಕೆ ಹಾಕುತ್ತ ಹೋದನು. ಮಧ್ಯಾಹ್ನದ ಹೊತ್ತಿಗೆ ಆ ಚೀಲ ತುಂಬಿತ್ತು. ಮಕ್ಕಳು ಬರಿಗಾಲಿನಲ್ಲಿ ಓಡುವ ನೆಲಕ್ಕೆ ಅದೇ ದೊಡ್ಡ ಉಪಕಾರವೆಂದು ನನಗೆ ತೋರಿತು.

ಸಿಕ್ಕ ನಾಣ್ಯಗಳು ಕೆಲವು. ಅವುಗಳಲ್ಲಿ ಹೂವಿನ ಎಸಳಿನಂತೆ ಅಂಚುಳ್ಳ ಅಲ್ಯೂಮಿನಿಯಂನ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ, ಒಂದು ನಾಲ್ಕಾಣೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಸೇರಿದ ಮಕ್ಕಳು ಅವನ್ನು ಹಿಂದುಮುಂದು ತಿರುಗಿಸಿ, ಇವು ಯಾವ ದೇಶದವು ಎಂದು ಕೇಳಿದರು. ನಮ್ಮ ಕಾಲದ ಶಾಲೆಯ ಬಯಲಾಗಿದ್ದರೆ 1957ರ ಏಪ್ರಿಲ್ 1ರಂದು ಬಂದ ನಯಾ ಪೈಸೆ, ಅದಕ್ಕೂ ಹಿಂದಿನ, ಯುದ್ಧಕಾಲದ ತೂತಿನ ಕಾಸು ಸಿಗುತ್ತಿತ್ತೋ ಏನೋ. ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ ಎಂಬ ಲೆಕ್ಕವನ್ನು ಮಕ್ಕಳಿಗೆ ಹೇಳಿದೆ. ನಂಬಲಿಲ್ಲ. ಈ ನಾಣ್ಯಗಳಿಗೆ ಇಂದು ಅಂಗಡಿಯಲ್ಲಿ ಬೆಲೆಯಿಲ್ಲ. ಆದರೆ ಪ್ರತಿಯೊಂದೂ ಯಾವುದೋ ಮಗುವಿನ ಒಂದು ದಿನದ ಅಳು. ಶುಂಠಿ ಪೆಪ್ಪರಮಿಂಟಿಗೆಂದು ಮನೆಯವರು ಕೊಟ್ಟ ಹತ್ತು ಪೈಸೆ ಕಳೆದ ಮಗು ಆ ಸಂಜೆ ಏನು ಹೇಳಿತೋ, ಮನೆಯವರು ನಂಬಿದರೋ ಇಲ್ಲವೋ!

ಹನ್ನೊಂದು ಗಂಟೆಯ ಸುಮಾರಿಗೆ ಒಂದು ಸವೆದ ಬೆಳ್ಳಿಯ ಕಾಲುಂಗುರ ಸಿಕ್ಕಿತು. ಅದು ಯಾರದೆಂದು ಅಲ್ಲಿದ್ದ ಯಾರೂ ಹೇಳಲಾರದೆ ಹೋದರು. ಗುಂಪಿನಲ್ಲಿದ್ದ ಒಬ್ಬರು, ‘ಸಿಕ್ಕವನದೇ ಸೊತ್ತು’ ಎಂದರು. ಈ ಮಾತು ನಾಡಿನಲ್ಲೆಲ್ಲ ರೂಢಿಯಲ್ಲಿದೆ. ಅದು ನ್ಯಾಯವೂ ಅಲ್ಲ, ಕಾಯಿದೆಯೂ ಅಲ್ಲ. ಈ ವಿಷಯದಲ್ಲಿ ತಿಳಿದಿರಬೇಕಾದ ಎರಡು ಬೇರೆಬೇರೆ ವಿಧಿಗಳಿವೆ: ಒಂದು ಕಳೆದ ವಸ್ತುವಿಗೆ, ಇನ್ನೊಂದು ಹೂತಿಟ್ಟ ವಸ್ತುವಿಗೆ.

ಹೂತಿಟ್ಟದ್ದನ್ನು ನಮ್ಮ ಹಿರಿಯರು ಬೇರೆಯಾಗಿಯೇ ಕಂಡಿದ್ದರು. ಭೂದಾನದ ಶಾಸನಗಳನ್ನು ಓದಿದವರಿಗೆ ಅಷ್ಟಭೋಗಗಳ ಪಟ್ಟಿ ಪರಿಚಿತ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಭೂಮಿಯನ್ನು ದಾನ ಕೊಟ್ಟ ಅರಸನು ಅದರೊಳಗೆ ಅಡಗಿದ ನಿಧಿನಿಕ್ಷೇಪಗಳ ಹಕ್ಕನ್ನೂ ಹೆಸರಿಸಿ ಕೊಡುತ್ತಿದ್ದನು. ಬ್ರಿಟಿಷರ ಕಾಲದ 1878ರ ನಿಧಿ ಕಾಯಿದೆ, ನೆಲದಲ್ಲಿ ಅಡಗಿಸಿಟ್ಟ ವಸ್ತು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಸಿಕ್ಕವನು ಜಿಲ್ಲೆಯ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದು, ತಪ್ಪಿದರೆ ಶಿಕ್ಷೆಯುಂಟೆಂದು ವಿಧಿಸಿತು. ಕರ್ನಾಟಕಕ್ಕೆ 1962ರ ತನ್ನದೇ ಆದ ನಿಧಿ ಕಾಯಿದೆಯಿದೆ. ರಕ್ಷಿತ ಸ್ಮಾರಕಗಳ ನೆಲದಲ್ಲಂತೂ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಕಳೆದದ್ದನ್ನು ಹುಡುಕಹೋಗಿ ಹೂತಿಟ್ಟದ್ದು ಸಿಕ್ಕರೆ ಏನು ಮಾಡಬೇಕೆಂಬುದಕ್ಕೆ ಇಂಗ್ಲೆಂಡಿನ ಒಂದು ನಿದರ್ಶನ ಚೆನ್ನಾಗಿದೆ. 1992ರ ನವೆಂಬರಿನಲ್ಲಿ ಹಾಕ್ಸ್‌ನಿ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆಯಿತು. ಅವನ ಗೆಳೆಯನು ಲೋಹಶೋಧಕದಿಂದ ಹುಡುಕಿದಾಗ ಸಿಕ್ಕಿದ್ದು ರೋಮನ್ನರ ಕಾಲದ ನಿಧಿ. ಅವನು ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ್ದರಿಂದ, ಪುರಾತತ್ತ್ವಜ್ಞರು ಬಂದು, ವಸ್ತುಗಳು ಇದ್ದ ಸ್ಥಿತಿಯನ್ನು ದಾಖಲಿಸಿಕೊಂಡು ಹೊರತೆಗೆದರು. ನಾಣ್ಯಗಳೇ ಹದಿನಾಲ್ಕು ಸಾವಿರಕ್ಕೂ ಮಿಕ್ಕಿದ್ದವು. ಸುತ್ತಿಗೆಯೂ ಸಿಕ್ಕಿತು. ಅದನ್ನೂ ನಿಧಿಯೊಡನೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ.

ಶಾಲೆಯ ಬಯಲಿನಲ್ಲಿ ಸಿಗುವುದು ಸಾಮಾನ್ಯವಾಗಿ ನಿಧಿಯಲ್ಲ, ಕಳೆದ ವಸ್ತು. ಅದಕ್ಕೆ ಬೇರೆ ನ್ಯಾಯ. 1872ರ ಕರಾರು ಕಾಯಿದೆಯ ಪ್ರಕಾರ, ಬಿದ್ದ ವಸ್ತುವನ್ನು ಎತ್ತಿಕೊಂಡವನು ಅದರ ಒಡೆಯನಲ್ಲ. ಇನ್ನೊಬ್ಬರು ನಂಬಿ ಇಟ್ಟ ಒತ್ತೆಯನ್ನು ಕಾಯುವವನ ಹೊಣೆಯೇ ಅವನ ಹೊಣೆ. ಒಡೆಯನು ಇಂತಿಷ್ಟು ಬಹುಮಾನವೆಂದು ಮೊದಲೇ ಸಾರಿದ್ದರೆ ಅದನ್ನು ಕೇಳುವ ಹಕ್ಕು ಅವನಿಗುಂಟು. 1860ರ ದಂಡಸಂಹಿತೆಯಲ್ಲಿ ಇದಕ್ಕೆ ಎರಡು ಮನೋಹರ ಉದಾಹರಣೆಗಳಿದ್ದವು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅವು ಉಳಿದುಕೊಂಡಿವೆ. ಹೆದ್ದಾರಿಯಲ್ಲಿ ಯಾರದೆಂದು ತಿಳಿಯದ ಒಂದು ರೂಪಾಯಿಯನ್ನು ಎತ್ತಿಕೊಂಡವನು ಅಪರಾಧಿಯಲ್ಲ. ಬೆಲೆಬಾಳುವ ಉಂಗುರವೊಂದು ಸಿಕ್ಕಾಗ, ಒಡೆಯನನ್ನು ಹುಡುಕುವ ಯತ್ನವನ್ನೇ ಮಾಡದೆ ಒಡನೆ ಮಾರಿಕೊಂಡವನು ಅಪರಾಧಿ. ನಾಣ್ಯಕ್ಕೆ ಗುರುತಿಲ್ಲ, ಒಡವೆಗೆ ಗುರುತಿದೆ. ಕಾಯಿದೆ ಕೇಳುವುದು ಇಷ್ಟೇ: ವಸ್ತುವನ್ನು ಹುಡುಕಿದೆಯಲ್ಲ, ಇನ್ನು ಅದರ ಒಡೆಯನನ್ನು ಹುಡುಕು. ಈ ಎರಡನೆಯ ಹುಡುಕಾಟಕ್ಕೆ ಯಂತ್ರವಿಲ್ಲ.

ಹುಡುಕಿ ಕೊಟ್ಟವನ ಪಾಡು ಏನಾಗುತ್ತದೆಂಬುದನ್ನು ಕಾಳಿದಾಸನಿಗಿಂತ ಚೆನ್ನಾಗಿ ಹೇಳಿದವರು ವಿರಳ. ಅವನ ಶಾಕುಂತಲದಲ್ಲಿ ಉಂಗುರ ಬಿದ್ದುದು ಶಚೀತೀರ್ಥದ ನೀರಿನಲ್ಲಿ. ಉಂಗುರವಿಲ್ಲದ ಶಕುಂತಲೆಯ ಮಾತನ್ನು ಸಭೆ ನಂಬಲಿಲ್ಲ. ಮೀನಿನ ಹೊಟ್ಟೆಯಲ್ಲಿ ಅದು ಸಿಕ್ಕ ಬೆಸ್ತನನ್ನು ಕಾವಲುಗಾರರೂ ನಂಬಲಿಲ್ಲ. ಕಳ್ಳನೆಂದು ಕಟ್ಟಿ ಹೊಡೆದರು. ಉಂಗುರ ಅರಸನ ಕೈಸೇರಿದ ಮೇಲೆ ಬೆಸ್ತನಿಗೆ ಅದರ ಬೆಲೆಯಷ್ಟೇ ಬಹುಮಾನ ಬಂತು. ಹೊಡೆದವರೇ ಅದರಲ್ಲಿ ಪಾಲು ಪಡೆದು ಗೆಳೆಯರಾದರು. ಒಂದು ಉಂಗುರ ಸಿಕ್ಕಿದ್ದರಿಂದ ಇಬ್ಬರ ಮೇಲಿನ ಆರೋಪ ಕಳೆಯಿತು: ಸುಳ್ಳಿಯೆಂಬ ಆರೋಪ ಒಬ್ಬಳ ಮೇಲಿನಿಂದ, ಕಳ್ಳನೆಂಬ ಆರೋಪ ಒಬ್ಬನ ಮೇಲಿನಿಂದ. ಆ ನಾಟಕದಲ್ಲಿ ಉಂಗುರದ ಚಿನ್ನಕ್ಕೆ ಇದಕ್ಕಿಂತ ಹೆಚ್ಚಿನ ಬೆಲೆಯಿಲ್ಲ.

ಕನ್ನಡದಲ್ಲಿ ‘ಜಲಗಾರ’ ಎಂಬ ಮಾತಿದೆ. ಕುವೆಂಪು ಅವರ ನಾಟಕದಿಂದಾಗಿ ಅದು ಬೀದಿ ಗುಡಿಸುವವನೆಂಬ ಅರ್ಥದಲ್ಲಿ ನಮಗೆಲ್ಲ ಪರಿಚಿತ. ಹೊಳೆಯ ಮರಳನ್ನು, ಅಕ್ಕಸಾಲೆಯ ಅಂಗಳದ ಧೂಳನ್ನು ತೊಳೆದು ಜಾಲಿಸಿ ಚಿನ್ನದ ಕಣಗಳನ್ನು ಬೇರ್ಪಡಿಸುವವರಿಗೂ ಅದೇ ಹೆಸರು. ಧಾರವಾಡ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಾಗೆ ಬದುಕಿದವರಿದ್ದರು. ಕಸ ಗುಡಿಸುವುದಕ್ಕೂ ಚಿನ್ನ ತೆಗೆಯುವುದಕ್ಕೂ ಒಂದೇ ಹೆಸರು! ಲೋಹಶೋಧಕ ಬರುವುದಕ್ಕೆ ಬಹಳ ಮೊದಲೇ ನೆಲವನ್ನು ದಿನವೂ ಕಣ್ಣಿಟ್ಟು ನೋಡುತ್ತಿದ್ದವರು ಅವರು. ಬಿದ್ದದ್ದು ಮೊದಲು ಕಾಣುವುದು ಅವರಿಗೆ. ಸಂಶಯ ಮೊದಲು ತಗಲುವುದೂ ಅವರಿಗೆ. ದಾರಿಯಲ್ಲಿ ಬಿದ್ದ ಪರರ ಹೊನ್ನನ್ನು ಮುಟ್ಟೆನೆಂದು ಆಣೆಯಿಟ್ಟು ವಚನ ರಚಿಸಿದ ಶರಣೆ ಸತ್ಯಕ್ಕನ ಕಾಯಕವೂ ಅಂಗಳ ಗುಡಿಸುವುದೇ ಎಂದು ಪರಂಪರೆ ಹೇಳುತ್ತದೆ. ಆ ಆಣೆಯನ್ನು ಅರಮನೆಯ ಜನ ಇಡಬೇಕಾಗಿ ಬರಲಿಲ್ಲ, ಗುಡಿಸುವವಳು ಇಡಬೇಕಾಯಿತು ಎಂಬುದನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಆ ವಚನವನ್ನು ಪಾಠ ಮಾಡಿಯೂ ಗಮನಿಸಿರಲಿಲ್ಲ.

ರಾಮನಗರದ ಓಲೆ ಮಧ್ಯಾಹ್ನ ಎರಡರ ಹೊತ್ತಿಗೆ ಸಿಕ್ಕಿತು. ಖೋ-ಖೋ ಕಂಬದಿಂದ ನಾಲ್ಕು ಮಾರು ದೂರ, ಬೆಳ್ಳಿಹಾಳೆಯೆಂದು ಎತ್ತಿದ ನಲವತ್ತೋ ಐವತ್ತೋ ಚೂರುಗಳ ನಡುವೆ ಒಂದು. ಹುಡುಗಿಯ ಮುಖವನ್ನು ನಾನು ವರ್ಣಿಸುವುದಿಲ್ಲ. ನನ್ನ ಕಣ್ಣು ಬೇರೆ ಕಡೆಗಿತ್ತು. ಬಯಲು ಗುಡಿಸುವ ಹೆಂಗಸನ್ನು ಯಾರೂ ಕರೆದಿರಲಿಲ್ಲ. ತಾನಾಗಿ ಬಂದು ಬೆಳಗಿನಿಂದ ಬೇಲಿಯ ಹೊರಗೆ ನಿಂತಿದ್ದಳು. ಓಲೆ ಸಿಕ್ಕಿತೆಂಬ ಕೂಗು ಕೇಳಿದ ಮೇಲೆ ಒಂದು ಗಳಿಗೆ ನೆಲ ನೋಡುತ್ತ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು. ಮುಖ್ಯೋಪಾಧ್ಯಾಯರು ಮರುದಿನ ಪ್ರಾರ್ಥನೆಯ ವೇಳೆಗೆ ಆಕೆಯನ್ನು ಕರೆಯಿಸಿ, ಎಲ್ಲರೆದುರಿಗೆ ಓಲೆ ಎಲ್ಲಿ ಸಿಕ್ಕಿತೆಂಬುದನ್ನು ಹೇಳಿದರು. ಒಳ್ಳೆಯ ಕೆಲಸ ಮಾಡಿದರು. ಹುಡುಕಾಟ ಬಯಲಲ್ಲಿ ನಡೆದರೆ ಸಾಲದು, ಫಲವೂ ಬಯಲಲ್ಲಿಯೇ ತಿಳಿಯಬೇಕು. ಸಂಶಯ ಊರೆಲ್ಲ ತಿರುಗುವಾಗ ನಿರಪರಾಧವೂ ಅಷ್ಟು ದೂರ ತಿರುಗಬೇಕಲ್ಲವೇ?

ಕಾಲುಂಗುರವನ್ನು ಒಂದು ಲಕೋಟೆಯಲ್ಲಿಟ್ಟು, ಸಿಕ್ಕ ತಾರೀಖು, ಸ್ಥಳ, ಸಾಕ್ಷಿಗಳ ಸಹಿ ಬರೆದು ಕಪಾಟಿನಲ್ಲಿ ಇರಿಸಿದರು. ಗುರುತಿನ ವಿವರವೊಂದನ್ನು ಬಿಟ್ಟು, ಉಳಿದದ್ದನ್ನು ಸೂಚನಾಫಲಕದ ಮೇಲೆ ಬರೆದರು. ಆ ವಿವರವನ್ನು ಹೇಳಬಲ್ಲವಳೇ ಒಡತಿ.

ಆ ಸಂಜೆ ಊರಿನ ಹಿರಿಯರೊಬ್ಬರು ನನ್ನೊಡನೆ ಮಾತಿಗೆ ಕುಳಿತರು. ಹುಟ್ಟಿದ್ದು ಸೂಪಾದಲ್ಲಿ. ಅವರು ಓದಿದ ಶಾಲೆಯ ಬಯಲು ಈಗ ನೀರಿನ ಅಡಿಯಲ್ಲಿದೆ. ನೀರು ತೀರ ಇಳಿದ ಬೇಸಗೆ ಎಂದಾದರೂ ಬಂದರೆ ಹಳೆಯ ಊರಿನ ಕುರುಹುಗಳು ತಲೆದೋರುತ್ತವೆ. ಹೋಗಿ ನೋಡಿ ಬರುತ್ತಾರೆ. ಚಿಕ್ಕಂದಿನಲ್ಲಿ ಆ ಬಯಲಿನಲ್ಲಿ ಅವರು ತಾಯಿ ಕೊಟ್ಟ ಒಂದು ಎಂಟಾಣೆಯನ್ನು ಕಳೆದಿದ್ದರಂತೆ. ‘ನಿಮ್ಮ ಹುಡುಗನ ಯಂತ್ರ ಅಲ್ಲಿಗೆ ಬರುತ್ತದೆಯೇ?’ ಎಂದು ನಗುತ್ತ ಕೇಳಿದರು. ನಾನೂ ನಕ್ಕೆ. ಆಮೇಲೆ ಇಬ್ಬರೂ ಸುಮ್ಮನಾದೆವು. ಕಳೆದದ್ದು ಬೇರೆ, ಹೂತಿಟ್ಟದ್ದು ಬೇರೆ ಎಂದು ಬೆಳಗಿನಿಂದ ಕಾಯಿದೆ ಹೇಳಿದ್ದೆ. ಬಿಟ್ಟುಬಂದದ್ದು ಎಂಬ ಮೂರನೆಯದೊಂದಿದೆ, ಅದಕ್ಕೆ ನನ್ನಲ್ಲಿ ಕಾಯಿದೆಯೂ ಇರಲಿಲ್ಲ, ಯಂತ್ರವೂ ಇರಲಿಲ್ಲ.

ನಮ್ಮ ಮನೆಯ ಆ ಕೆಂಪು ಹರಳಿನ ಓಲೆ ಈಗಲೂ ಅಕ್ಕನ ಬಳಿಯಿದೆ. ಸಿಕ್ಕ ಮೇಲೆ ನಮ್ಮ ತಾಯಿ ಅದನ್ನು ಅವಳಿಗೆ ಮತ್ತೆ ತೊಡಿಸಲಿಲ್ಲ. ಮಾರಲೂ ಇಲ್ಲ. ಏಕೆಂದು ನಾವು ಕೇಳಲಿಲ್ಲ. ಶಾಲೆಯ ಬಯಲಿನಲ್ಲಿ ಮಗುವಿನ ಒಡವೆಯೊಂದು ಕಳೆದ ಸುದ್ದಿ ತಮ್ಮ ಕಿವಿಗೆ ಬಿದ್ದರೆ, ಯಂತ್ರ ಸಿಗಲಿ ಸಿಗದಿರಲಿ, ಮೊದಲು ‘ಎಲ್ಲಿ ಬಿತ್ತು?’ ಎಂದು ಕೇಳಬೇಕೆಂಬುದು ನನ್ನ ಬಿನ್ನಹ. ಮಣ್ಣನ್ನು ಎಷ್ಟು ಸಲ ಬೇಕಾದರೂ ಮಗುಚಿ ಮತ್ತೆ ಮುಚ್ಚಬಹುದು.